ಫೈನಲ್ ದಿನ ಕಾಕು ಗಾಡಿ ಕಲಿತದ್ದು

ಇವತ್ತು ಬೆಳಿಗ್ಗೆ ಎದುರುಮನೆಯಿಂದ ಚುರುಮುರಿಗೆ ಒಗ್ಗರಣೆ ಹಾಕಿದ ಘಮ ಬಂತು. ಗೋಕಾಕದ ನಮ್ಮ ಓಣಿಯಲ್ಲಿ ಇಷ್ಟು ಹೊತ್ತಿಗೇ ಈ ಘಮ ಬಂದರೆ ಅಂದು ಭಾರತದ ಫೈನಲ್ ಮ್ಯಾಚ್ ಇದೆ ಎಂದೇ ಅರ್ಥ. ಮೊದಲಾಗಿದ್ದರೆ ನಾನೂ ಇಷ್ಟರಲ್ಲಿ ಸ್ನಾನ ಮುಗಿಸಿ ಟಿವಿ ಮುಂದೆ ಜಾಗ ಹಿಡಿದಿರುತ್ತಿದ್ದೆ. ಈಗ ಆ ಘಮ ನನಗೆ ನೆನಪಿಸುವುದು ಕ್ರಿಕೆಟನ್ನಲ್ಲ, ನಮ್ಮ ಚಿಕ್ಕಮ್ಮ, ಮಂಗಲಾ ಕಾಕುವನ್ನು.

ನನ್ನ ಕ್ರಿಕೆಟ್ ಹುಚ್ಚಿನ ಬಗ್ಗೆ ನಿಮಗೆ ಒಂದು ಮಾತು ಹೇಳಬೇಕು. ನಾನು ಕುಳಿತ ಜಾಗದಿಂದ ಎದ್ದರೆ ಭಾರತದ ವಿಕೆಟ್ ಬೀಳುತ್ತದೆ ಎಂದು ನಂಬಿದ್ದವನು ನಾನು. ಎಲ್ಲೋ ಸಾವಿರಾರು ಮೈಲಿ ಆಚೆ ಬ್ಯಾಟು ಹಿಡಿದು ನಿಂತವನ ಹಣೆಬರಹ ನನ್ನ ಮೊಣಕಾಲಿನಲ್ಲಿದೆ ಎಂಬ ಈ ನಂಬಿಕೆ ಕಾಕುವಿನ ಗಂಡ, ನಮ್ಮ ಕಾಕಾನಿಗೂ ಇತ್ತು. ಹಾಗಾಗಿ ಫೈನಲ್ ಬಂದರೆ ನಾನು ಕಲ್ಲೋಳಿಗೆ, ಅವರ ಮನೆಗೆ ಹೋಗುವುದು ರೂಢಿ. ಇಬ್ಬರೂ ಸೇರಿ ಅಲುಗಾಡದೆ ಕೂಡುತ್ತಿದ್ದೆವು.

ಕಾಕು ಅಂಗನವಾಡಿ ಕಾರ್ಯಕರ್ತೆ. ಚಿಕ್ಕಂದಿನಲ್ಲಿ ತವರಿನವರ ಜೊತೆ ಕಬ್ಬು ಕಡಿಯಲು ಹೋಗುತ್ತಿದ್ದರಂತೆ; ಮದುವೆಯಾದ ಮೇಲೆ ಓದಿ ಈ ಕೆಲಸ ಹಿಡಿದವರು. ಐವತ್ತು ದಾಟಿದ್ದರು. ಮಗಳು ನರ್ಸ್ ಕೆಲಸ ಸಿಕ್ಕಿ ಹುಕ್ಕೇರಿಗೆ ಹೋದಾಗಿನಿಂದ ಅವಳ ಸ್ಕೂಟಿ ಅಂಗಳದ ಮೂಲೆಯಲ್ಲಿ ಹಳೆಯ ಸೀರೆ ಹೊದ್ದು ನಿಂತಿತ್ತು.

ಹಿಂದಿನ ಒಂದು ಫೈನಲ್‌ಗೆ ಟಾಸ್ ಆಗಿ ಆಟ ಆಗಷ್ಟೇ ಶುರುವಾಗಿತ್ತು. ಕಾಕು ಬುದ್ಧನ ಫೋಟೊದ ಮುಂದೆ ಮೇಣಬತ್ತಿ ಹಚ್ಚಿ ಬಂದು ನನ್ನ ಬಾಜೂಕ ನಿಂತರು.

"ತಮ್ಮಾ, ಏಳು. ನನಗ ಗಾಡಿ ಕಲಸು."

"ಕಾಕು, ಇವತ್ತ ಫೈನಲ್ ಐತ್ರಿ. ನಾಳೆ ಕಲಸ್ತೇನ್ರಿ."

"ನಾಳೆ ಮಂದಿ ಎಲ್ಲಾ ಹೊರಗ ಬರ್ತೈತಿ. ಇವತ್ತ ಸಾಲಿ ಮೈದಾನದಾಗ ಒಂದ ನಾಯಿ ಸೈತ ಇಲ್ಲ. ಬಿದ್ರ ನಗಾಕ ಯಾರೂ ಇರೂದಿಲ್ಲ."

ಕಾಕಾ ಟಿವಿಯಿಂದ ಕಣ್ಣು ತೆಗೆಯದೆ, "ಈ ವಯಸ್ಸಿನಾಗ ಗಾಡಿ ಯಾಕ? ನಾ ಇಲ್ಲೇನು?" ಅಂದರು.

"ಆವತ್ತ ಇರಲಿಲ್ಲಲ್ಲ," ಎಂದರು ಕಾಕು, ದನಿ ಏರಿಸದೆ. ನಾನು ಎದ್ದೆ. ನನ್ನ ಎದೆಯಲ್ಲಿ ಆಗಲೇ ಒಂದು ವಿಕೆಟ್ ಬಿದ್ದಿತ್ತು.

"ಆವತ್ತು" ಎಂದರೆ ಏನೆಂದು ಶಾಲೆಯ ಮೈದಾನಕ್ಕೆ ಹೋಗುವ ದಾರಿಯಲ್ಲಿ ಅವರೇ ಹೇಳಿದರು. ಮೇಲವಂಕಿಯಲ್ಲಿರುವ ಅವರ ಅಕ್ಕನಿಗೆ ಆ ವರ್ಷ ಬೇಸಿಗೆಯಲ್ಲಿ ಲಕ್ವಾ ಹೊಡೆದಿತ್ತು. ಫೋನ್ ಬಂದಾಗ ಕಾಕಾ ಬೈಕು ತೆಗೆದುಕೊಂಡು ಯಾವುದೋ ಮದುವೆಗೆ ಹೋಗಿದ್ದರು. ಕಾಕು ಅಂಗಳದ ಸ್ಕೂಟಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ಬಸ್ ಸ್ಟ್ಯಾಂಡಿಗೆ ಓಡಿದ್ದರು. ಬಸ್ಸು ಬರಲು ತಡವಾಯಿತು.

"ಅಕ್ಕ ನನ್ನ ಹೆಸರ ಹಿಡದ ಕರ್ಯಾಕತ್ತಿದ್ಲಂತ. ನಾ ಹೋಗಿ ಮುಟ್ಟೂದ್ರಾಗ ಆಕಿ ಮಾತ ನಿಂತಿತ್ತು."

ಇಷ್ಟು ಹೇಳಿ ಅವರು ಮಗಳ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡರು. ಯಾರಿಗೂ ಹೇಳದೆ ಕಲಿಯುವವರ ಲೈಸೆನ್ಸನ್ನೂ ಮಾಡಿಸಿಟ್ಟಿದ್ದರೆಂಬುದು ನನಗೆ ಆಗಲೇ ತಿಳಿದದ್ದು.

ನಾನು ಒಳ್ಳೆಯ ಮಾಸ್ತರನಲ್ಲ. "ಮುಂದ ನೋಡ್ರಿ" ಎಂದು ಕೂಗುವುದೊಂದೇ ನನ್ನ ವಿದ್ಯೆ. ಕಾಕು ಮುಂದೆ ನೋಡದೆ ಗಾಲಿಯನ್ನೇ ನೋಡುತ್ತಿದ್ದರು. ಗಾಡಿ ಹಾವಿನಂತೆ ಹರಿಯಿತು. ಒಮ್ಮೆ ಬೇಲಿಗೆ ಹೋದರು, ಒಮ್ಮೆ ಮಕ್ಕಳು ನೆಟ್ಟ ಸ್ಟಂಪುಗಳನ್ನು ಕೆಡವಿದರು. ಮೂಲೆಯಲ್ಲಿ ತಿರುಗಿಸುವಾಗ ದೊಪ್ಪನೆ ಬಿದ್ದು ಮೊಣಕೈ ತರಚಿತು. ನಾನು ಓಡಿಹೋಗಿ, "ಸಾಕ ಬಿಡ್ರಿ ಕಾಕು" ಅಂದೆ.

ಅವರು ಸೆರಗಿನಿಂದ ರಕ್ತ ಒರೆಸಿಕೊಂಡು, "ಕಬ್ಬ ಕಡಿಯೂವಾಗ ಇದಕ್ಕಿಂತ ಹೆಚ್ಚ ಬಂದೈತಿ. ಗಾಡಿ ಎತ್ತು," ಎಂದರು.

ಮುಂದೆ ಯಾವ ಗಳಿಗೆಯಲ್ಲಿ ಅವರಿಗೆ ಗಾಡಿ ಒಲಿಯಿತೋ ನನಗೆ ತಿಳಿಯಲಿಲ್ಲ. ಮೊಬೈಲಿನಲ್ಲಿ ಸ್ಕೋರು ನೋಡಿ ತಲೆ ಎತ್ತಿದರೆ, ಕಾಕು ಮೈದಾನವನ್ನು ಸುತ್ತು ಹೊಡೆಯುತ್ತಿದ್ದರು. ಬೆನ್ನು ನೆಟ್ಟಗಿತ್ತು, ಸೆರಗು ಸೊಂಟಕ್ಕೆ ಬಿಗಿದಿತ್ತು, ಕಣ್ಣು ದೂರದಲ್ಲಿತ್ತು. ನನ್ನ ಮುಂದೆ ಬಂದು ನಿಲ್ಲಿಸಿ, "ಹಿಂದ ಕುಂದರು. ಮೇಲವಂಕಿಗೆ ಹೋಗೂನು," ಅಂದರು.

ಬೇಡವೆನ್ನುವ ಧೈರ್ಯ ನನಗೆ ಬರಲಿಲ್ಲ. ದಾರಿಯ ಮನೆಗಳಿಂದೆಲ್ಲ ಒಂದೇ ಕಾಮೆಂಟರಿ ಕೇಳುತ್ತಿತ್ತು, ಹಾಗಾಗಿ ಎಲ್ಲೂ ಆಟ ತಪ್ಪಿದಂತೆ ಆಗಲಿಲ್ಲ. ಊರು ದಾಟಿದ ಮೇಲೆ ಎರಡೂ ಕಡೆ ಕಬ್ಬು. ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರ್ ರಸ್ತೆ ತುಂಬ ಓಲಾಡುತ್ತ ಬಂತು. ಕಾಕು ಗಾಡಿಯನ್ನು ಅಂಚಿಗೆ ಇಳಿಸಿ, ಎರಡೂ ಕಾಲು ನೆಲಕ್ಕೆ ಊರಿ ನಿಂತರು. ಟ್ರ್ಯಾಕ್ಟರ್ ಹೋದ ಮೇಲೂ ಅವರು ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಅಲ್ಲೇ ನಿಂತಿದ್ದರು.

"ನಾ ಹೊಡಿತೇನ್ರಿ," ಅಂದೆ.

"ಬ್ಯಾಡ. ಈಗ ಇಳದ್ರ ಮತ್ತ ಹತ್ತಾಕ ಆಗೂದಿಲ್ಲ."

ಒಂದು ದೊಡ್ಡ ಉಸಿರು ಬಿಟ್ಟು ಮತ್ತೆ ಹೊರಟರು.

ಮೇಲವಂಕಿಯಲ್ಲಿ ಅಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ಮನೆಮಂದಿಯೆಲ್ಲ ಪಕ್ಕದ ಮನೆಯ ಟಿವಿ ಮುಂದಿದ್ದರು. ಹೆಲ್ಮೆಟ್ ಹಾಕಿದ ಹೆಂಗಸು ಯಾರೆಂದು ಅವರಿಗೆ ತಿಳಿಯಲಿಲ್ಲ. ಕಾಕು ಹೆಲ್ಮೆಟ್ ತೆಗೆದರು. ಅಕ್ಕನ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಆ ಸೊಟ್ಟ ಬಾಯಿಯಲ್ಲೇ ನಗು ಬಂತು. ಕಾಕು ಗಾಡಿಯನ್ನು ಕಟ್ಟೆಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿ, "ಇನ್ನ ನೀ ಕರದ ಕೂಡ್ಲೆ ಬರ್ತೇನಿ, ಅಕ್ಕಾ. ಬಸ್ಸಿನ ಹಾದಿ ಕಾಯೂದಿಲ್ಲ," ಎಂದರು.

ಅಕ್ಕ ಚೆನ್ನಾಗಿದ್ದ ಕೈಯನ್ನು ಚಾಚಿ ಹ್ಯಾಂಡಲನ್ನು ಸವರಿದರು. ಬೆರಳು ಹಾರ್ನಿಗೆ ತಾಗಿ ಪೀಂ ಎಂದಿತು. ಅವರು ತಂಗಿಯ ಮುಖ ನೋಡಿದರು. ಮತ್ತೆ ಬೇಕೆಂದೇ ಒತ್ತಿದರು. ಮತ್ತೆ, ಮತ್ತೆ. ಪಕ್ಕದ ಮನೆಯೊಳಗಿಂದ ಯಾರೋ, "ಯಾರದು ಹಾರ್ನ್, ಮ್ಯಾಚ್ ಕೇಳಸವಲ್ದು," ಎಂದು ಬೈದರು. ಅಕ್ಕ ನಿಲ್ಲಿಸಲಿಲ್ಲ. ಕಾಕು ನಗುತ್ತಿದ್ದರು, ಅಳುತ್ತಲೂ ಇದ್ದರು. ತಿಂಗಳುಗಟ್ಟಲೆ ಯಾರನ್ನೂ ಕರೆಯಲಾಗದೆ ಕುಳಿತ ಹೆಂಗಸು ಅಂದು ಇಡೀ ಓಣಿಗೆ ಕೇಳುವಂತೆ ಕರೆಯುತ್ತಿದ್ದಳು.

ಕತ್ತಲಲ್ಲಿ ಗಾಡಿ ಹೊಡೆಯುವುದು ಬೇಡವೆಂದು ಅಲ್ಲೇ ಉಳಿದೆವು. ಓಣಿ ಇದ್ದಕ್ಕಿದ್ದಂತೆ ಮೌನವಾದಾಗ ಭಾರತ ಸೋತಿತೆಂದು ತಿಳಿಯಿತು.

ಮರುದಿನ ಬೆಳಿಗ್ಗೆ ಕಾಕು ಕಲ್ಲೋಳಿಯ ಪೇಟೆಯ ನಡುವೆಯೇ ಗಾಡಿ ಹೊಡೆದುಕೊಂಡು ಬಂದರು. ಚಹಾದಂಗಡಿ ಮುಂದೆ ಗಂಡಸರು ತಲೆ ತಗ್ಗಿಸಿ ಕುಳಿತಿದ್ದರು. ಒಬ್ಬರಿಗೂ ನಗುವ ಮನಸ್ಸಿರಲಿಲ್ಲ. ಮನೆಯಲ್ಲಿ ಕಾಕಾ ನನ್ನನ್ನು ನೋಡಿ, "ನೀ ಎದ್ದ ಹೋದಿ, ಅದಕ್ಕ ಸೋತಿವಿ," ಎಂದರು. ಆಮೇಲೆ ಕಾಕುವನ್ನೂ ಅವರ ಮೊಣಕೈಯ ಗಾಯವನ್ನೂ ನೋಡಿ, ನೆರಳಿನಲ್ಲಿದ್ದ ತಮ್ಮ ಬೈಕನ್ನು ಬಿಸಿಲಿಗೆ ಸರಿಸಿ ಸ್ಕೂಟಿಗೆ ಜಾಗ ಮಾಡಿಕೊಟ್ಟರು.

ಇವತ್ತು ಆಟ ಶುರುವಾಗುವ ಹೊತ್ತಿಗೆ ಕಾಕು ನಮ್ಮ ಮನೆಯ ಮುಂದೆ ಬಂದು ನಿಂತರು. ಸ್ಕೂಟಿಯ ಹಿಂದಿನ ಸೀಟಿನಲ್ಲಿ ಅಕ್ಕ. ಈಗ ಅವರು ಕೋಲು ಹಿಡಿದು ನಡೆಯುತ್ತಾರೆ, ನಿಧಾನವಾಗಿ ನಾಲ್ಕು ಮಾತೂ ಆಡುತ್ತಾರೆ. ರಸ್ತೆ ಖಾಲಿ ಇರುವ ದಿನವೆಂದು ಇಬ್ಬರೂ ಘೋಡಗೇರಿಗೆ, ಅಕ್ಕನ ಮಗಳ ಮನೆಗೆ ಹೊರಟಿದ್ದರು. ಚಹಾ ಕುಡಿದು ಏಳುವಾಗ ಅಕ್ಕ ನನ್ನ ಟಿವಿಯ ಕಡೆ ಕೋಲು ತೋರಿಸಿ, ಒಂದೊಂದೇ ಮಾತು ಜೋಡಿಸುತ್ತ, "ಅದು... ಇದ್ದದ್ದ. ನೀನೂ... ಬಾ," ಅಂದರು.

ನಾನು ಟಿವಿ ಆರಿಸಿ ಬೈಕಿನ ಕೀಲಿ ತೆಗೆದುಕೊಂಡೆ. ಘೋಡಗೇರಿ ಮುಟ್ಟುವವರೆಗೂ ಅವರ ಹಿಂದೆಯೇ ಹೋದೆ. ಮುಂದೆ ಹೋಗಬೇಕೆಂದು ಒಮ್ಮೆಯೂ ಅನಿಸಲಿಲ್ಲ.