ಏಳುನೂರು ಜನಕ್ಕೆ ಇಂಗೆಷ್ಟು

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆದರೂ ಮದುವೆ ಅಡುಗೆಯ ಪಟ್ಟಿಯನ್ನು ಇನ್ನೊಬ್ಬರ ಕೈಲಿ ಬರೆಸಿದವನಲ್ಲ. ನಮ್ಮ ಕಡೆ ಅಡುಗೆಯವರು ಪಟ್ಟಿ ಕೊಡುತ್ತಾರೆ, ಮದುವೆ ಮನೆಯವರು ಅದನ್ನು ಹಿಡಿದು ಸಾಮಾನು ತರುತ್ತಾರೆ. ಪಟ್ಟಿ ತಪ್ಪಿದರೆ ಅಡುಗೆಯವನ ಮಾತು ಹೋಯಿತು. ಒಲೆ ನಮ್ಮಣ್ಣನದು, ಪಟ್ಟಿ ನನ್ನದು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಈ ಪಟ್ಟಿಯನ್ನು ಕಂಪ್ಯೂಟರ್ ಬರೆದೀತೇ ಎಂಬ ಕುತೂಹಲ ಹತ್ತಿತು. ಆಷಾಢದಲ್ಲಿ ನಮಗೆ ಕೆಲಸವಿಲ್ಲ. ಹೊಳೆನರಸೀಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮೇಡಂ ಹತ್ತಿರ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಕೂತೆ. ಇನ್ನೂರು, ಮುನ್ನೂರು, ಐನೂರು, ಸಾವಿರ ಜನ, ಒಂದೊಂದಕ್ಕೂ ನಲವತ್ತು ಸಾಲು ಬರೆದೆ. ಒಂದನ್ನು ಕಾಪಿ ಮಾಡುವುದು, ಅಂಕಿ ತಿದ್ದುವುದು. ಉದ್ದ ನೋಡಿ ನನಗೇ ಹೆಮ್ಮೆ.

ಶ್ರಾವಣಕ್ಕೆ ಚನ್ನರಾಯಪಟ್ಟಣದ ಮದುವೆ ಗೊತ್ತಾಯಿತು, ಏಳುನೂರು ಜನ. ಐದನೇ ಪಟ್ಟಿಗೆ ಕಾಪಿ ಮಾಡುತ್ತಿದ್ದಾಗ ಮೇಡಂ ಬಂದು ನಿಂತರು.

"ಯಜಮಾನ್ರೇ, ಅಕ್ಕಿ ಬೇಳೆ ಅಂತ ಇನ್ನೆಷ್ಟು ಸಲ ಬರೀತೀರಾ?"

"ಒಂದೊಂದು ಮದುವೆನೂ ಬೇರೆ ಅಲ್ವಾ ಮೇಡಂ."

"ಜನ ಬೇರೆ. ಸಾರು ಅದೇ ತಾನೆ?"

ನೂರು ಜನದ ಅಳತೆಯನ್ನು ಒಂದೇ ಸಲ ಬರೆಸಿದರು. ಜನ ಎಷ್ಟು ಎಂದು ಕೇಳಿ, ಒಂದೊಂದೇ ಸಾಮಾನು ತೆಗೆದು ಗುಣಿಸುವ ಕೆಲಸವನ್ನು ಲೂಪಿಗೆ, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಸಾಲಿಗೆ, ಕೊಟ್ಟರು. ಅಳತೆಯ ಪಟ್ಟಿ ಬಿಟ್ಟರೆ ಉಳಿದದ್ದು ಐದಾರು ಸಾಲು. ಇಷ್ಟು ದಿನ ಟೈಪ್ ಮಾಡಿದ್ದೆಲ್ಲ ದಂಡ. ಇದು ಸರಿಯಿದೆಯೋ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಹಳೆಯ ಪಟ್ಟಿಗಳ ಜೊತೆ ಇಟ್ಟು ನೋಡಿದೆ.

ಅಕ್ಕಿ ಸರಿ, ಬೇಳೆ ಸರಿ. ಮುನ್ನೂರು ಜನದ ಹುಣಸೆಹಣ್ಣು ಮಾತ್ರ ಇನ್ನೂರರ ಅಂಕಿಯಲ್ಲೇ ಕೂತಿತ್ತು. ಕೈಯಲ್ಲಿ ಬರೆಯುವಾಗಲೂ ಇನ್ನೂರರದನ್ನೇ ಕಾಪಿ ಮಾಡಿ, ಅಂಕಿ ತಿದ್ದಲು ಮರೆತಿದ್ದೆ. ಅರಕಲಗೂಡಿನ ಮದುವೆಯೊಂದರಲ್ಲಿ ಹುಣಸೆಹಣ್ಣು ಸಾಲದೆ ಬಂದಾಗ, ಅಂಗಡಿಯವನು ತೂಕ ಹೊಡೆದ ಎಂದು ಎಲ್ಲರ ಮುಂದೆ ಬೈದಿದ್ದು ನಾನೇ.

ಸಾವಿರ ಜನದ ಇಂಗೂ ತಾಳೆಯಾಗಲಿಲ್ಲ. ಹೊಸ ಪ್ರೋಗ್ರಾಂ ಕಾಲು ಕೆಜಿ ಅಂದಿತು, ನನ್ನದರಲ್ಲಿ ಇನ್ನೂರು ಗ್ರಾಂ ಕೂಡ ಇರಲಿಲ್ಲ. ಇದೂ ನನ್ನ ತಪ್ಪೋ? ಮನೆಗೆ ಬಂದು ಅಣ್ಣನನ್ನು ಕೇಳಿದೆ. ಕೇಳುವ ಮುಂಚೆ ಹುಣಸೆಹಣ್ಣಿನ ವಿಷಯ ಒಪ್ಪಿಕೊಳ್ಳಬೇಕಾಯಿತು.

"ದೊಡ್ಡ ಅಂಡೆಗೆ ಇಂಗು ಲೆಕ್ಕದಂಗೆ ಏರಕ್ಕಿಲ್ಲ ಕಣ್ಲಾ," ಅಂದ. "ಐನೂರು ದಾಟುದ್ಮೇಲೆ ನೂರ್ ಜನಕ್ಕೆ ಅರ್ದ ಅಳತೆ ಆಕುದ್ರೆ ಸಾಕು. ಇಷ್ಟ್ ವರ್ಸದಿಂದ ನೀನೇ ಅಂಗೆ ಬರ್ಕಂಡು ಬಂದಿದೀಯ, ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಕೈಗೆ ಗೊತ್ತಿತ್ತು, ನನಗಿರಲಿಲ್ಲ. ಒಂದೇ ತರ ಇದ್ದದ್ದನ್ನೆಲ್ಲ ಒಟ್ಟು ಮಾಡಿದ ಮೇಲೆ ತಾನೆ ಬೇರೆಯಾಗಿದ್ದದ್ದು ಕಣ್ಣಿಗೆ ಬಿದ್ದದ್ದು. ಅದರಲ್ಲಿ ಹುಣಸೆಹಣ್ಣಿನದು ತಪ್ಪು, ಇಂಗಿನದು ವಿದ್ಯೆ. ಮಾರನೇ ದಿನ ಇಂಗನ್ನು ಲೂಪಿನಿಂದ ಹೊರಗೆ ತೆಗೆದು, ಅಣ್ಣನ ಮಾತನ್ನೇ ಎರಡು ಸಾಲಾಗಿ ಬರೆದೆ. ಏಳುನೂರಕ್ಕೆ ನೂರೈವತ್ತು ಗ್ರಾಂ ಬಂತು.

ಚನ್ನರಾಯಪಟ್ಟಣದಲ್ಲಿ ಹುಡುಗಿಯ ತಂದೆ ಪಟ್ಟಿ ಓದಿ, ಎಲ್ಲಾ ಸೇರಿದೆಯಾ ಎಂದರು. ಏನಾದರೂ ಕಮ್ಮಿ ಬಿದ್ದರೆ ಅಂಗಡಿಯವನನ್ನು ಕೇಳಬೇಡಿ, ನನ್ನನ್ನು ಕೇಳಿ ಎಂದೆ. ಹಾಗೆ ಹೇಳಿದ್ದು ಅದೇ ಮೊದಲು.

ಮದುವೆ ದಿನ ಕೊನೆಯ ಪಂಕ್ತಿಗೆ ಸಾರು ಇಳಿಸಿದ ಮೇಲೆ ಅಣ್ಣ ಇಂಗಿನ ಡಬ್ಬಿಯನ್ನು ನನ್ನ ಕಡೆಗೆ ಬಗ್ಗಿಸಿದ. ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು.

"ಸರ್ಯಾಗೈತೆ," ಅಂದ. "ಉಣ್ಸೆಹಣ್ಣೂ ಸಾಕಾಯ್ತು ಕಣ್ಲಾ. ಅಂಗ್ಡಿಯೋನು ಬದುಕ್ಕಂಡ."