ಕೆಳಗಿನ ಸಾಲನ್ನು ಓದದ ಸರ್ವರ್

ಆಗ ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ದಿನವೂ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಓಡಾಟ. ಇಂಟರ್‌ನೆಟ್ ಆಗಾಗ ಕೈಕೊಡುತ್ತಿದ್ದ ಕಾಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಲ್ಯಾಬಿನ ಸರ್ವರ್‌ಗೆ ಹಾಕಿದರೆ ಮಕ್ಕಳು ಅಲ್ಲೇ ಕೂತು ನೋಡಬಹುದು ಎಂದು ನಾನೇ ಮುಂದೆ ಬಿದ್ದು ಹೇಳಿದ್ದೆ.

ಸ್ಕ್ಯಾನ್ ಮುಗಿಯಿತು. ‘ಲ್ಯಾಬ್/ಪೇಪರ್ಸ್’ ಎಂಬ ವಿಳಾಸ ಕೇಳಿದರೆ ಈ ಫೋಲ್ಡರ್ ತೋರಿಸು ಎಂದು ಸರ್ವರ್‌ನ ನಿಯಮಗಳಿರುವ ಫೈಲಿನ ಕೊನೆಯಲ್ಲಿ ಒಂದು ಸಾಲು ಬರೆದೆ. ಬ್ರೌಸರಿನಲ್ಲಿ ತೆರೆದರೆ, ಪುಟ ಸಿಗಲಿಲ್ಲ ಎಂಬ ಉತ್ತರ. ಸ್ಪೆಲಿಂಗ್ ನೋಡಿದೆ. ಫೋಲ್ಡರಿಗೆ ಅನುಮತಿ ಕೊಟ್ಟೆ. ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿದೆ, ಮತ್ತೆ ತೆಗೆದೆ. ಸರ್ವರ್ ನಿಲ್ಲಿಸಿ ಶುರು ಮಾಡಿದೆ. ಮೂರು ದಿನ ಇದೇ ಆಯಿತು. ಫೋಲ್ಡರ್ ಕಣ್ಣೆದುರಿಗೇ ಇದೆ, ಮೆಷಿನ್ ಇಲ್ಲ ಅನ್ನುತ್ತದೆ. ಕೀಬೋರ್ಡ್ ಎತ್ತಿ ಕುಕ್ಕಬೇಕು ಅನ್ನಿಸುತ್ತಿತ್ತು.

ಪ್ರಿನ್ಸಿಪಾಲರು ಲ್ಯಾಬಿಗೇ ಬಂದರು. “ಏನಮ್ಮಾ, ನಾನು ಆಗ್ಲೇ ನೋಟಿಸ್ ಹಾಕಿಸ್ಬಿಟ್ಟಿದೀನಿ. ಮಕ್ಕಳು ಬಂದು ಬಂದು ಕೇಳ್ತಾವ್ರೆ.”

“ಮಾಡ್ತಿದೀನಿ ಸಾರ್.”

“ಮೂರು ದಿನದಿಂದ ಅದನ್ನೇ ಹೇಳ್ತಿದೀರಲ್ಲಮ್ಮ.”

ವಿದ್ಯಾರ್ಥಿಗಳೆಲ್ಲ ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾಯಿತು.

ಲ್ಯಾಬ್ ಅಟೆಂಡರ್ ವಯಸ್ಸಾದವರು, ನಮ್ಮೂರಿನವರೇ. ಅವತ್ತು ಸಂಜೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದರು. “ಮೇಡಂ, ಇಲ್ಲ ಅಂತದಲ್ಲ, ಅದು ಎಲ್ಲಿ ಹುಡುಕಿ ಇಲ್ಲ ಅಂತದೆ?” ಎಂದರು.

“ಕೇಳಿದ್ರೆ ಹೇಳೋ ಹಂಗಿದ್ರೆ ನಾನ್ಯಾಕೆ ಹಿಂಗೆ ಒದ್ದಾಡ್ತಿದ್ದೆ?” ಎಂದು ರೇಗಿಬಿಟ್ಟೆ. ಅವರು ಕಿಟಕಿಯ ಕಡೆ ತಿರುಗಿದರು.

ಆದರೆ ಕೇಳಿದರೆ ಅದು ಹೇಳುತ್ತಿತ್ತು. ತಪ್ಪುಗಳನ್ನು ಬರೆದಿಡುವ ಲಾಗ್ ಫೈಲನ್ನು ನಾನು ತೆರೆದೇ ಇರಲಿಲ್ಲ. ಮರುದಿನ ಬೆಳಿಗ್ಗೆ ತೆರೆದರೆ, ಸರ್ವರ್ ನನ್ನ ಫೋಲ್ಡರ್ ಬಿಟ್ಟು ಹಳೆಯ ಇನ್ನೊಂದು ಫೋಲ್ಡರಿನಲ್ಲಿ ಹುಡುಕುತ್ತಿತ್ತು. ನನಗಿಂತ ಮೊದಲಿದ್ದ ಮೇಷ್ಟ್ರು ಫೈಲಿನ ಮೇಲ್ಗಡೆ ಒಂದು ಸಾಲು ಬರೆದಿಟ್ಟಿದ್ದರು: ‘ಲ್ಯಾಬ್’ ಎಂದು ಶುರುವಾಗುವ ವಿಳಾಸವೆಲ್ಲ ಆ ಹಳೆಯ ಫೋಲ್ಡರಿಗೇ ಹೋಗಲಿ. ಸರ್ವರ್ ಮೇಲಿನಿಂದ ಓದುತ್ತಾ ಬರುತ್ತದೆ, ಕೇಳಿದ ವಿಳಾಸಕ್ಕೆ ಮೊದಲು ಹೊಂದಿಕೆಯಾದ ಸಾಲಿನಲ್ಲೇ ನಿಂತುಬಿಡುತ್ತದೆ. ನನ್ನ ಸಾಲಿನವರೆಗೆ ಅದು ಬಂದೇ ಇರಲಿಲ್ಲ. ನನ್ನದನ್ನು ಕತ್ತರಿಸಿ ಅವರ ಸಾಲಿಗಿಂತ ಮೇಲ್ಗಡೆ ಅಂಟಿಸಿದೆ. ಪುಟ ತೆರೆಯಿತು.

“ಇಷ್ಟೇನಾ?” ಎಂದರು ಪ್ರಿನ್ಸಿಪಾಲರು. “ಒಂದು ಲೈನ್ ಮೇಲಕ್ಕೆ ಹಾಕಿದ್ದಾ?”

“ಹೂಂ ಸಾರ್” ಎಂದೆ. ಮೈಯೆಲ್ಲ ಉರಿಯಿತು.

ಅಟೆಂಡರ್ ಹತ್ತಿರ ಹೋಗಿ, ನಿನ್ನೆ ರೇಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಎಂದೆ. “ಬಿಡಿ ಮೇಡಂ, ಸಿಕ್ತಲ್ಲ” ಎಂದರು. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಮನೆಗೆ ಹೋಗಿ, ಸರ್ವರ್ ಬಗ್ಗೆ ಹಿಂದೆ ಓದಿದ್ದ ಪುಸ್ತಕ ತೆಗೆದರೆ ಆ ನಿಯಮ ಒಂದೇ ವಾಕ್ಯದಲ್ಲಿತ್ತು. ಅದರ ಕೆಳಗೆ ನಾನೇ ಎಂದೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ.