ಕೃಷ್ಣನ ಪಟದ ಹಿಂದಿನ ಅರಮನೆ

ಆ ಅರಮನೆಯ ಚಿತ್ರವನ್ನು ನೀವು ಕದಿಯಲಿಲ್ಲ, ವಾಸುದೇವ ರಾಯರೇ. ತೆಗೆದವಳು ನಾನು. ಹನ್ನೊಂದು ವರ್ಷದಿಂದ ಅದು ನಮ್ಮ ದೇವರ ಮನೆಯಲ್ಲೇ ಇದೆ — ಕೃಷ್ಣನ ಪಟದ ಬೆನ್ನಿಗೆ.

ನಮ್ಮ ಮಾವನವರೂ — ನಿಮ್ಮ ಶೀನು — ನೀವೂ ಒಂದೇ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆದವರು. ನಿವೃತ್ತರಾದ ಮೇಲೆ ಪ್ರತಿ ಗುರುವಾರ ತಾಂಬರಂನಿಂದ ರೈಲು ಹಿಡಿದು ಟಿ. ನಗರದ ನಮ್ಮ ಮನೆಗೆ ಬರುತ್ತಿದ್ದಿರಿ. ಮಾವ ಕೂಡಿಟ್ಟಿದ್ದ, ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಇಂಗ್ಲೆಂಡಿನ ಅರಮನೆಗಳು, ಮುನ್ನೂರು ವರ್ಷದ ಹಳೆಯ ಹಾಳೆಗಳು — ಭೂತಗನ್ನಡಿ ಹಿಡಿದು ಕಂಬ, ಗುಮ್ಮಟ ನೋಡುತ್ತ ಇಬ್ಬರೂ ಕಾಫಿ ಆರಿಸಿಬಿಡುತ್ತಿದ್ದಿರಿ. "ಇಷ್ಟು ಕಿಟಕಿ ಒರೆಸೋಕೆ ನಮ್ಮ ಸಾವಿತ್ರೀನೇ ಬೇಕು ಕಣೋ ವಾಸು" ಎಂದು ಮಾವ ನಗುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ, ಕೃಷ್ಣಾಷ್ಟಮಿಯ ಬೆಳಿಗ್ಗೆ ತಂಬಿಗೆ ಉರುಳಿ, ಪಟದ ಹಿಂದಿನ ರಟ್ಟು ನೆನೆದುಹೋಯಿತು. ಮಾವ ಸ್ನಾನಕ್ಕೆ ಹೋಗಿದ್ದರು. ಅವರ ಹತ್ತಿರ ಅಂಥ ದಪ್ಪ ಹಾಳೆ ಎಷ್ಟೋ ಇವೆ — ಒಂದು ತಾನೇ, ಹಬ್ಬ ಮುಗಿದ ಮೇಲೆ ವಾಪಸ್ ಇಟ್ಟರಾಯಿತು ಎಂದುಕೊಂಡೆ. ರಟ್ಟಿನ ಬದಲು ಅರಮನೆಯ ಹಾಳೆಯೊಂದನ್ನು ಇಡಹೋದೆ, ಚೌಕಟ್ಟಿಗೆ ಹಿಡಿಸಲಿಲ್ಲ. ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿದೆ.

ಮರುದಿನ ಮಾವ ಹುಡುಕತೊಡಗಿದರು. "ತಗಡು ಒತ್ತಿದ ಗುರುತು ಅಂಚಿನಲ್ಲಿ ಹಾಗೇ ಉಳಿದಿದ್ದ ಹಾಳೆ ಅದೊಂದೇ. ಅಂಚೇ ಅದರ ಜೀವ" ಎಂದರು. ಅದನ್ನೇ ನಾನು ಕತ್ತರಿಸಿದ್ದೆ.

"ಸಾವಿತ್ರಿ, ನಿನ್ನೆ ನಾನು ಮಠಕ್ಕೆ ಹೋದಾಗ ವಾಸು ಬಂದಿದ್ದನಾ?"

"ಬಂದಿದ್ದರು, ಮಾವ."

ಅಷ್ಟೇ ಅಂದೆ. ಸುಳ್ಳಲ್ಲ — ನೀವು ಬಂದು, ಒಬ್ಬರೇ ಕೂತು, ಕಾದು ಹೋಗಿದ್ದಿರಿ. ಆದರೆ ಅವರು ತೆಗೆದಿಲ್ಲ, ತೆಗೆದವಳು ನಾನು ಎಂದು ಸೇರಿಸಲಿಲ್ಲ.

ಮುಂದಿನ ಗುರುವಾರ ಮಾವ ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. "ನಾನು ಕಳ್ಳನೇನೋ, ಶೀನೂ?" ಎಂದಿರಿ. ಆಮೇಲೆ ಚಪ್ಪಲಿ ಮೆಟ್ಟಿದ ಸದ್ದು. ನಾನು ಒಳಗೆ ಡಿಕಾಕ್ಷನ್ ಸೋಸುತ್ತಲೇ ಇದ್ದೆ. ಮೂರು ಲೋಟಕ್ಕೆ.

ಮಾವ ಇನ್ನೂ ಆರು ವರ್ಷ ಇದ್ದರು. ದಿನಾ ಅದೇ ಪಟಕ್ಕೆ ಕೈಮುಗಿದರು. ಗುರುವಾರ ಬಂದರೆ ಗೇಟಿನ ಕಡೆ ನೋಡುವರು — ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅವರು ಹೋದ ದಿನ ನೀವು ಬಂದು ಆ ಗೇಟಿನ ಆಚೆಯೇ ನಿಂತು ಹೋದಿರಿ.

ಇವತ್ತು ಪಟ ಬಿಚ್ಚಿದೆ. ಹುಳು ಹಿಡಿದಿಲ್ಲ, ಕೃಷ್ಣನ ದಯೆ. ನೀವು ಇನ್ನೂ ಇದ್ದೀರಿ, ಅದೂ ಅವನದೇ ದಯೆ. ಇದಕ್ಕಿಂತ ಹೆಚ್ಚು ಕೇಳುವ ಮುಖ ನನಗಿಲ್ಲ.

ನಾಳೆ ಗುರುವಾರ. ಚಿತ್ರ ಹಿಡಿದು ನಾನೇ ತಾಂಬರಂಗೆ ಬರುತ್ತೇನೆ. ನಿಮ್ಮ ಮನೆಯವರೆಲ್ಲರ ಮುಂದೆ ಹೇಳುತ್ತೇನೆ, ಕನ್ನಡ ಅಷ್ಟಾಗಿ ತಿಳಿಯದ ಮೊಮ್ಮಕ್ಕಳಿಗೆ ತಮಿಳಿನಲ್ಲೂ — ನಿಮ್ಮ ತಾತ ಕಳ್ಳರಲ್ಲ, ಕಳ್ಳಿ ನಾನು ಎಂದು.